ಹಳ್ಳ, ರಾಜಕಾಲುವೆ, ಊರ ಚರಂಡಿ: ಗ್ರಾಮ ಪಂಚಾಯತಿ ಮಟ್ಟದಲ್ಲಿ ನೀರಿನ ಹಾದಿಯ ನಕ್ಷೆ

ಕರ್ನಾಟಕದ ಪೂರ್ವ ಬಯಲುಸೀಮೆಯ ಹಳ್ಳಗಳಲ್ಲಿ ವರ್ಷದ ಬಹುಪಾಲು ದಿನ ನೀರಿರುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ತುಮಕೂರು ಜಿಲ್ಲೆಗಳ ಹಲವು ಗ್ರಾಮಗಳಲ್ಲಿ ರಾಜಕಾಲುವೆ ಎಂದರೆ ಜಾಲಿ, ಲಾಂಟಾನ ಬೆಳೆದ ಒಂದು ತಗ್ಗು; ಕಟ್ಟಡದ ಅವಶೇಷ ಸುರಿಯುವ ಸ್ಥಳ; ಅಕ್ಕಪಕ್ಕದ ಹೊಲದವರು ವರ್ಷಕ್ಕೆ ಒಂದು ಸಾಲಿನಂತೆ ಉತ್ತು ಸೇರಿಸಿಕೊಳ್ಳಬಹುದಾದ ಅಂಚು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಉತ್ತರೆ, ಹಸ್ತ, ಚಿತ್ತ ಮಳೆಗಳು ಬಿರುಸಾಗಿ ಬಿದ್ದ ಒಂದು ರಾತ್ರಿ ಆ ತಗ್ಗು ತನ್ನ ಹಳೆಯ ಹಾದಿಯನ್ನು ಕೇಳುತ್ತದೆ. ಹಾದಿ ಇರುವ ಕಡೆ ನೀರು ಕೆರೆಯನ್ನು ಸೇರುತ್ತದೆ. ಇಲ್ಲದ ಕಡೆ ಮನೆಗಳಿಗೆ ನುಗ್ಗುತ್ತದೆ. ಕೆಳಗಿನ ಕೆರೆಯೋ ಆ ವರ್ಷವೂ ಅರ್ಧಕ್ಕೇ ನಿಲ್ಲುತ್ತದೆ.

ಈ ಎರಡು ತೊಂದರೆಗಳು, ಅಂದರೆ ಊರಿಗೆ ನೀರು ನುಗ್ಗುವುದು ಮತ್ತು ಕೆರೆ ತುಂಬದಿರುವುದು, ಪಂಚಾಯತಿ ಸಭೆಗಳಲ್ಲಿ ಬೇರೆ ಬೇರೆ ವಿಷಯಗಳಾಗಿ ಚರ್ಚೆಗೆ ಬರುತ್ತವೆ. ಒಂದಕ್ಕೆ ಚರಂಡಿ ಕಾಮಗಾರಿ, ಇನ್ನೊಂದಕ್ಕೆ ಹೂಳೆತ್ತುವ ಕಾಮಗಾರಿ ಎಂದು ಕ್ರಿಯಾ ಯೋಜನೆಯಲ್ಲಿ ಸೇರುತ್ತವೆ. ಅನೇಕ ಕಡೆ ಎರಡಕ್ಕೂ ಕಾರಣ ಒಂದೇ: ನಡುವಿನ ಕಾಲುವೆ ಎಲ್ಲಿತ್ತು, ಎಷ್ಟು ಅಗಲವಿತ್ತು, ಈಗ ಎಲ್ಲಿ ಮುಚ್ಚಿದೆ ಎಂಬುದು ಪಂಚಾಯತಿಯ ಯಾವ ಕಡತದಲ್ಲಿಯೂ ಇಲ್ಲದಿರುವುದು. ಸದಸ್ಯರು, ಸಿಬ್ಬಂದಿ ಮತ್ತು ಗ್ರಾಮಸ್ಥರು ಸೇರಿ ನೀರಿನ ಹಾದಿಯ ನಕ್ಷೆಯೊಂದನ್ನು ತಯಾರಿಸುವ ಕ್ರಮ, ಅದಕ್ಕೆ ಆಧಾರವಾಗುವ ದಾಖಲೆಗಳು ಹಾಗೂ ತಯಾರಾದ ನಕ್ಷೆಯ ಉಪಯೋಗವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಗರದಂಚಿನ ಪಂಚಾಯತಿಗಳಿಗೆ ಈ ವಿಷಯ ಇನ್ನಷ್ಟು ತುರ್ತಿನದು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಏಳು ನಗರಸಭೆ, ಒಂದು ಪುರಸಭೆಯೊಂದಿಗೆ 110 ಹಳ್ಳಿಗಳೂ ಅದಕ್ಕೆ ಸೇರಿದವು. ಅಲ್ಲಿಯವರೆಗೆ ಅವು ಪಂಚಾಯತಿಗಳ ಆಡಳಿತದಲ್ಲಿದ್ದ ಹಳ್ಳಿಗಳು. 2016ರ ಆಗಸ್ಟ್ ತಿಂಗಳಲ್ಲಿ ರಾಜಕಾಲುವೆ ಒತ್ತುವರಿ ತೆರವಿನ ಕಾರ್ಯಾಚರಣೆ ನಡೆದಾಗ ಹಣ ಕೊಟ್ಟು ನಿವೇಶನ ಕೊಂಡು, ಸಾಲ ಮಾಡಿ ಮನೆ ಕಟ್ಟಿದ್ದ ಕುಟುಂಬಗಳು ಬೀದಿಗೆ ಬಂದವು. ಅವರಲ್ಲಿ ಅನೇಕರ ಕೈಯಲ್ಲಿ ನೋಂದಣಿ ಪತ್ರವಿತ್ತು, ಖಾತೆ ಇತ್ತು, ತೆರಿಗೆ ರಸೀದಿಯಿತ್ತು. 2022ರ ಸೆಪ್ಟೆಂಬರ್ ಮಳೆಯಲ್ಲಿ ಮಹದೇವಪುರ ಭಾಗದ ಬಡಾವಣೆಗಳು ಮತ್ತು ಹೊರ ವರ್ತುಲ ರಸ್ತೆ ಜಲಾವೃತವಾದವು. ಅದೇ ವರ್ಷ ಆಗಸ್ಟ್ ಕೊನೆಯ ವಾರದಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯೇ ನೀರಿನಲ್ಲಿ ಮುಳುಗಿತ್ತು. ಕಾಲುವೆಯ ಮೇಲೆ ನಿವೇಶನ ಬೀಳುವ ದಿನ ಅದನ್ನು ತಡೆಯಬಲ್ಲ ಸ್ಥಾನದಲ್ಲಿ ಇರುವುದು ಸ್ಥಳೀಯ ಪಂಚಾಯತಿ ಮಾತ್ರ. ಮನೆ ಎದ್ದ ಮೇಲೆ ಆಗುವುದೆಲ್ಲ ನೋವಿನ ಕೆಲಸ.

ದಾಖಲೆಗಳಲ್ಲಿ ಹಳ್ಳ ಎಲ್ಲಿದೆ

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೇ ಪ್ರಕರಣದಂತೆ, ಬೇರೆಯವರ ಸ್ವತ್ತೆಂದು ಸ್ಥಾಪಿತವಾಗದ ಹೊರತು, ಸಾರ್ವಜನಿಕ ರಸ್ತೆ, ಓಣಿ, ನದಿ, ತೊರೆ, ನಾಲೆ, ಕೆರೆ, ಕುಂಟೆಗಳು ರಾಜ್ಯ ಸರ್ಕಾರದ ಸ್ವತ್ತು. ಹಳ್ಳದಲ್ಲಿ ನೀರು ಹರಿಯುತ್ತಿರಬೇಕೆಂಬ ಷರತ್ತು ಇಲ್ಲಿಲ್ಲ. ಐದು ವರ್ಷ ಒಣಗಿದ ಹಳ್ಳವೂ ಹಳ್ಳವೇ.

ಗ್ರಾಮದ ಹಳ್ಳಗಳನ್ನು ಗುರುತಿಸಲು ಮೊದಲ ಆಧಾರ ಭೂಮಾಪನ ಇಲಾಖೆಯ ಗ್ರಾಮ ನಕ್ಷೆ. ಇದು ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತದೆ. ತಾಲ್ಲೂಕು ಕಚೇರಿಯಲ್ಲಿ ದೃಢೀಕೃತ ಪ್ರತಿ ಪಡೆಯಬಹುದು. ಸಾಮಾನ್ಯವಾಗಿ ಅಗಲವಾದ ಹಳ್ಳಗಳನ್ನು ಜೋಡಿ ಗೆರೆಯಲ್ಲಿಯೂ ಸಣ್ಣವನ್ನು ಒಂಟಿ ಗೆರೆಯಲ್ಲಿಯೂ ತೋರಿಸಿರುತ್ತಾರೆ. ನಕ್ಷೆಯಲ್ಲಿ ಚಿಹ್ನೆಗಳ ಪಟ್ಟಿ ಇದ್ದರೆ ಅದನ್ನು ಮೊದಲು ನೋಡಿಕೊಳ್ಳುವುದು ಒಳ್ಳೆಯದು. ಗ್ರಾಮ ನಕ್ಷೆಯಿಂದ ಹಳ್ಳದ ಹಾದಿ ತಿಳಿಯುತ್ತದೆ, ಅಗಲ ತಿಳಿಯುವುದಿಲ್ಲ. ನಕ್ಷೆಯ ಪ್ರಮಾಣ 1:7,920 ಎಂದಿದ್ದರೆ ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು ಎಂಟು ಮೀಟರ್. ನಾಲ್ಕು ಮೀಟರ್ ಅಗಲದ ಕಾಲುವೆ ಅಲ್ಲಿ ಅರ್ಧ ಮಿಲಿಮೀಟರ್ ಆಗುತ್ತದೆ. ಅದು ಗೆರೆಯ ದಪ್ಪಕ್ಕೇ ಸಮ. ಅಡಿಪಟ್ಟಿ ಹಿಡಿದು ನಕ್ಷೆಯ ಮೇಲೆ ಅಳೆದು ಒತ್ತುವರಿಯೆಂದು ವಾದಿಸುವವರೂ, ಒತ್ತುವರಿಯಿಲ್ಲವೆಂದು ವಾದಿಸುವವರೂ ಇದನ್ನು ನೆನಪಿಡಬೇಕು.

ಅಗಲಕ್ಕೆ ಆಧಾರ ಮೂಲ ಅಳತೆಯ ಟಿಪ್ಪಣಿ. ಹಳೆಯ ಟಿಪ್ಪಣಿಗಳಲ್ಲಿ ಅಳತೆ ಸರಪಳಿ ಮತ್ತು ಆಣೆಗಳಲ್ಲಿ ಇರುತ್ತದೆ. ಒಂದು ಸರಪಳಿ 33 ಅಡಿ, ಅದರ ಹದಿನಾರನೇ ಒಂದು ಭಾಗ ಒಂದು ಆಣೆ. ಅಂದರೆ ಎರಡು ಅಡಿಗಿಂತ ತುಸು ಹೆಚ್ಚು. ಎಂಟಾಣೆ ಅಗಲದ ಕಾಲುವೆ ಎಂದರೆ ಹದಿನಾರೂವರೆ ಅಡಿ. ಸರಪಳಿಯುದ್ದ ಸರಪಳಿಯಗಲದ ಚೌಕ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಎಂಟಾಣೆ ಅಗಲದ ಕಾಲುವೆಯನ್ನು 66 ಅಡಿ ಉದ್ದಕ್ಕೆ ಮುಚ್ಚಿದರೆ ಒಂದು ಗುಂಟೆ ಸರ್ಕಾರಿ ಜಾಗ ಹೋದಂತೆ. ಅದು ಮೂವತ್ತು ನಲವತ್ತರ ಒಂದು ನಿವೇಶನಕ್ಕಿಂತ ಸ್ವಲ್ಪವಷ್ಟೇ ಕಡಿಮೆ. ನಗರದಂಚಿನಲ್ಲಿ ಕಾಲುವೆಗಳು ಏಕೆ ಕಾಣೆಯಾಗುತ್ತವೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಪಹಣಿಯಲ್ಲಿ ನೋಡಬೇಕಾದುದು ಖರಾಬಿನ ಕಲಂ. ‘ಅ’ ಖರಾಬು ಎಂದರೆ ಬಂಡೆ, ಕಣ, ತೋಟದ ಮನೆ ಮುಂತಾಗಿ ಸಾಗುವಳಿಗೆ ಬಾರದ, ಹಿಡುವಳಿಗೆ ಸೇರಿದ ಜಾಗ. ‘ಬ’ ಖರಾಬು ಎಂದರೆ ರಸ್ತೆ, ಕಾಲುದಾರಿ, ಕೆರೆ, ಹಳ್ಳ, ಸ್ಮಶಾನ ಮುಂತಾದ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟದ್ದು; ಜನರ ಬಾಯಲ್ಲಿ ಇದೇ ‘ಬಿ ಖರಾಬು’. ಒಂದು ಸರ್ವೆ ನಂಬರಿನೊಳಗೆ ಹಳ್ಳ ಹಾದುಹೋಗಿದ್ದು, ಪಹಣಿಯಲ್ಲಿ ನಾಲ್ಕಾರು ಗುಂಟೆ ‘ಬ’ ಖರಾಬು ಇದ್ದರೆ, ಆ ಗುಂಟೆಗಳು ಹೊಲದ ಯಾವ ಮಗ್ಗುಲಲ್ಲಿವೆ ಎಂಬುದನ್ನು ಟಿಪ್ಪಣಿ ನೋಡಿ ತಿಳಿಯಬೇಕು. ಪಹಣಿ, ಆಕಾರ್‌ಬಂದ್, ಟಿಪ್ಪಣಿ ಈ ಮೂರರಲ್ಲಿಯೂ ಖರಾಬಿನ ವಿಸ್ತೀರ್ಣ ಹೊಂದಬೇಕು. ಹೊಂದದಿದ್ದರೆ ಅದನ್ನು ನಕ್ಷೆಯ ಜೊತೆಗಿನ ಪುಸ್ತಕದಲ್ಲಿ ಬರೆದಿಡುವುದು. ಸರಿಪಡಿಸುವುದು ಕಂದಾಯ ಮತ್ತು ಭೂಮಾಪನ ಇಲಾಖೆಗಳ ಕೆಲಸ.

ಸ್ಥಳದಲ್ಲಿ ನಿಂತು ಸರ್ವೆ ನಂಬರು ತಿಳಿಯಲು ‘ದಿಶಾಂಕ್’ ಮೊಬೈಲ್ ಆ್ಯಪ್ ಬಹಳ ಉಪಯುಕ್ತ. ನಿಂತ ಜಾಗದ ಸರ್ವೆ ನಂಬರನ್ನೂ ಸುತ್ತಲಿನ ಗ್ರಾಮ ನಕ್ಷೆಯನ್ನೂ ಅದು ತೋರಿಸುತ್ತದೆ. ಆದರೆ ಮೊಬೈಲಿನ ಸ್ಥಳ ಗುರುತಿನಲ್ಲಿ ಕೆಲವು ಮೀಟರ್ ಹೆಚ್ಚುಕಡಿಮೆ ಸಹಜ. ಮರಗಳ ಕೆಳಗೆ ಇನ್ನೂ ಹೆಚ್ಚು. ಹುಡುಕುವುದಕ್ಕೆ ಅದು ಸಾಕು, ಗಡಿ ತೀರ್ಮಾನಕ್ಕೆ ಸಾಲದು. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಡಿ ಡ್ರೋನ್ ಮೂಲಕ ಗ್ರಾಮಠಾಣದ ಚಿತ್ರೀಕರಣವಾಗಿರುವ ಗ್ರಾಮಗಳಲ್ಲಿ ಊರೊಳಗಿನ ಚರಂಡಿ, ಓಣಿಗಳನ್ನು ಗುರುತಿಸಲು ಆ ನಕ್ಷೆ ನೆರವಾಗುತ್ತದೆ. ಹಲವು ಗ್ರಾಮಗಳ ಕೆರೆಗಳನ್ನು ಒಟ್ಟಾಗಿ ನೋಡಲು ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಭೂಪಟವನ್ನು ತರಿಸಿಕೊಳ್ಳಬಹುದು. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್.

ಕೆರೆ ಸರಪಳಿ

ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆಯೆಂಬುದು ಬಹುಕಾಲದಿಂದ ಬಂದಿರುವ ಲೆಕ್ಕ. ಬಯಲುಸೀಮೆಯಲ್ಲಿ ಇವು ಒಂಟಿಯಾಗಿರುವುದು ಅಪರೂಪ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೋಡಿ ಹಳ್ಳದಲ್ಲಿ ಇಳಿದು ಕೆಳಗಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ ಹೋಗುತ್ತದೆ. ಊರ ಹೆಸರುಗಳಲ್ಲಿಯೇ ಈ ಜೋಡಣೆಯ ಗುರುತಿದೆ. ಕೋಡಿಹಳ್ಳಿ ಎಂಬ ಹೆಸರೇ ಹತ್ತಿರದಲ್ಲಿ ಕೆರೆಯ ಕೋಡಿ ಇರಬೇಕೆಂದು ಹೇಳುತ್ತದೆ. ಬೊಮ್ಮಸಂದ್ರ, ಸಿಂಗಸಂದ್ರದಂತಹ ಹೆಸರುಗಳ ‘ಸಂದ್ರ’ ಮೂಲದಲ್ಲಿ ‘ಸಮುದ್ರ’. ದೊಡ್ಡ ಕೆರೆಗೆ ಹಿಂದಿನವರು ಇಡುತ್ತಿದ್ದ ಹೆಸರು.

ಈ ಹಾದಿಗಳು ಇಂದಿಗೂ ಕೆಲಸಕ್ಕೆ ಬರುತ್ತವೆ ಎಂಬುದಕ್ಕೆ ಕೋಲಾರ ಜಿಲ್ಲೆಯೇ ನಿದರ್ಶನ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂದಿತು. ಅಲ್ಲಿಂದ ಮುಂದೆ ಕೆರೆಯಿಂದ ಕೆರೆಗೆ ಅದು ಬಹುಪಾಲು ಹಳೆಯ ಕಾಲುವೆ, ಹಳ್ಳಗಳಲ್ಲಿಯೇ ಹರಿಯಿತು. ಎಷ್ಟೋ ವರ್ಷ ನೀರು ಕಾಣದಿದ್ದ ಕಾಲುವೆಗಳನ್ನು ಅದಕ್ಕಾಗಿ ಹುಡುಕಿ ಬಿಡಿಸಬೇಕಾಯಿತು.

ಆದ್ದರಿಂದ ನಕ್ಷೆಯ ಮೊದಲ ಹಾಳೆ ಕೆರೆ ಸರಪಳಿಯದು. ಪಂಚಾಯತಿ ವ್ಯಾಪ್ತಿಯ ಪ್ರತಿ ಕೆರೆ, ಕುಂಟೆ, ಗೋಕಟ್ಟೆಗೂ ಎರಡು ಪ್ರಶ್ನೆ: ಇದಕ್ಕೆ ನೀರು ಎಲ್ಲಿಂದ ಬರುತ್ತದೆ, ಇದು ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗುತ್ತದೆ? ಉತ್ತರ ಗೊತ್ತಿಲ್ಲದ ಕಡೆ ಪ್ರಶ್ನೆ ಚಿಹ್ನೆ ಹಾಕಿ ಬಿಡಬೇಕು, ಊಹೆಯಿಂದ ಗೆರೆ ಎಳೆಯಬಾರದು. ಪ್ರತಿ ಕೆರೆಯ ಎದುರು ಅದು ಯಾರ ಸುಪರ್ದಿಯಲ್ಲಿದೆ ಎಂಬುದನ್ನೂ ಬರೆಯಬೇಕು. ಸಾಮಾನ್ಯವಾಗಿ 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ವ್ಯಾಪ್ತಿಯಲ್ಲಿಯೂ, 40ರಿಂದ 2,000 ಹೆಕ್ಟೇರ್ ಅಚ್ಚುಕಟ್ಟಿನವು ಸಣ್ಣ ನೀರಾವರಿ ಇಲಾಖೆಯಲ್ಲಿಯೂ ಇರುತ್ತವೆ. ಕೆರೆ ಯಾರದಾದರೂ ಆಗಲಿ, ಅದಕ್ಕೆ ನೀರು ತರುವ ಕಾಲುವೆ ಪಂಚಾಯತಿಯ ಹೊಲ, ಬೀದಿಗಳ ನಡುವೆಯೇ ಹಾದುಬರುತ್ತದೆ.

ಹಾದಿಯನ್ನು ನಡೆದು ನೋಡುವುದು

ನಕ್ಷೆಯ ನಿಜವಾದ ಕೆಲಸ ನಡೆಯುವುದು ಕಾಲ್ನಡಿಗೆಯಲ್ಲಿ. ಎರಡು ಬಾರಿ ನಡೆಯಬೇಕು. ಮೊದಲನೆಯದು ಬೇಸಿಗೆಯಲ್ಲಿ, ಗಿಡಗಂಟಿ ಒಣಗಿ ಹಳ್ಳದ ತಳ ಕಾಣುವಾಗ. ಎರಡನೆಯದು ಒಳ್ಳೆಯ ಮಳೆಯಾದ ಮರುದಿನ ಬೆಳಿಗ್ಗೆ. ಬೇಸಿಗೆಯಲ್ಲಿ ಸರಿಯೆಂದು ಕಂಡ ಹತ್ತಾರು ಗೆರೆಗಳನ್ನು ಈ ಎರಡನೆಯ ನಡಿಗೆ ತಿದ್ದಿಸುತ್ತದೆ. ಬೇಲಿಗೆ ಸಿಕ್ಕಿಕೊಂಡ ಹುಲ್ಲು, ಪ್ಲಾಸ್ಟಿಕ್ಕು, ಗೋಡೆಯ ಮೇಲಿನ ಕೆಸರಿನ ಗೆರೆ, ರಸ್ತೆಯ ಮೇಲೆ ಉಳಿದ ಮರಳು ಇವೆಲ್ಲ ನೀರು ಎಷ್ಟು ಎತ್ತರಕ್ಕೆ ಬಂದಿತ್ತು, ಯಾವ ಕಡೆ ತಿರುಗಿತು ಎಂಬುದರ ಗುರುತುಗಳು. ಎರಡು ದಿನ ಬಿಟ್ಟರೆ ಅಳಿಸಿಹೋಗುತ್ತವೆ.

ತಂಡದಲ್ಲಿ ಆ ವಾರ್ಡಿನ ಸದಸ್ಯರು, ಪಂಚಾಯತಿ ಸಿಬ್ಬಂದಿಯಲ್ಲಿ ಒಬ್ಬರು, ಸಾಧ್ಯವಾದರೆ ಗ್ರಾಮ ಆಡಳಿತ ಅಧಿಕಾರಿ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಊರಿನ ಹಳೆಯ ನೀರುಗಂಟಿ ಅಥವಾ ಅವರ ಮನೆಯವರು ಬೇಕು. ತೂಬು ಎತ್ತಿ, ಕಾಲುವೆ ಬಿಡಿಸಿ, ಗದ್ದೆಗೆ ಸರದಿಯಂತೆ ನೀರು ಹಾಯಿಸಿದ ಕುಟುಂಬಗಳಿಗೆ ಗೊತ್ತಿರುವಷ್ಟು ಯಾವ ಉಪಗ್ರಹ ಚಿತ್ರದಲ್ಲಿಯೂ ಇರುವುದಿಲ್ಲ. ದನ, ಕುರಿ ಮೇಯಿಸುವವರು ಮತ್ತು ಹಳ್ಳದ ದಂಡೆಯಲ್ಲಿ ಮನೆ ಇರುವ ಹೆಂಗಸರು ಇನ್ನೆರಡು ಒಳ್ಳೆಯ ಮೂಲಗಳು. ಯಾವ ವರ್ಷ ಕೋಡಿ ಬಿದ್ದಿತು, ಬಾಗಿನ ಬಿಟ್ಟದ್ದು ಯಾವಾಗ, ಆಗ ಯಾರ ಮನೆಯ ಜಗಲಿಯವರೆಗೆ ನೀರು ಬಂದಿತ್ತು ಎಂದು ಕೇಳಿದರೆ ಜನ ನಿಖರವಾಗಿ ಹೇಳುತ್ತಾರೆ. ‘ಪ್ರವಾಹದ ಮಟ್ಟ ಎಷ್ಟು’ ಎಂದು ಕೇಳಿದರೆ ಯಾರೂ ಹೇಳಲಾರರು.

ಹಳ್ಳವನ್ನು ಮೇಲಿನಿಂದ ಕೆಳಕ್ಕೆ ನಡೆಯುವುದು ವಾಡಿಕೆ. ಕೆರೆಯ ಕೋಡಿಯಿಂದ ಹೊರಟು ಮುಂದಿನ ಕೆರೆಯ ಹಿನ್ನೀರಿನವರೆಗೆ ಒಂದು ಭಾಗ. ಪ್ರತಿ ಭಾಗವನ್ನು ಮೋರಿಯಿಂದ ಮೋರಿಗೆ, ಅಥವಾ ಹಳ್ಳಗಳು ಕೂಡುವ ಜಾಗದಿಂದ ಕೂಡುವ ಜಾಗಕ್ಕೆ ತುಂಡು ಮಾಡಿ ಸಂಖ್ಯೆ ಕೊಡಬೇಕು. ಪ್ರತಿ ತುಂಡಿಗೆ ಮೇಲ್ಭಾಗದ ಅಗಲ, ತಳದ ಅಗಲ, ಆಳ, ಎರಡೂ ದಂಡೆಯ ಸರ್ವೆ ನಂಬರು, ತಳದಲ್ಲಿ ಬಂಡೆಯೋ ಮಣ್ಣೋ ಕಾಂಕ್ರೀಟೋ, ಎಲ್ಲಿಯಾದರೂ ಬಚ್ಚಲು ನೀರು ಅಥವಾ ಕಾರ್ಖಾನೆಯ ನೀರು ಬಂದು ಸೇರುತ್ತದೆಯೋ ಎಂಬುದನ್ನು ಬರೆಯುವುದು. ಅಗಲವನ್ನು ಟೇಪು ಹಿಡಿದು ಅಳೆಯಬೇಕು. ಕಣ್ಣಳತೆಯಲ್ಲಿ ಗಿಡ ಬೆಳೆದ ಹಳ್ಳ ಯಾವಾಗಲೂ ಸಣ್ಣದಾಗಿಯೇ ಕಾಣುತ್ತದೆ. ಪ್ರತಿ ತುಂಡಿನ ಎರಡೂ ತುದಿಗಳಲ್ಲಿ ಸ್ಥಳದ ಗುರುತು ಮತ್ತು ದಿನಾಂಕ ಬೀಳುವಂತೆ ಫೋಟೋ ತೆಗೆಯಬೇಕು. ಮುಂದಿನ ವರ್ಷ ಅದೇ ಜಾಗದಲ್ಲಿ ನಿಂತು ತೆಗೆದ ಫೋಟೋ ಪಕ್ಕದಲ್ಲಿಟ್ಟರೆ ವಾದಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ.

ಒಂದು ಕಡೆ ಹಳ್ಳ ಇದ್ದಕ್ಕಿದ್ದಂತೆ ಕಾಣೆಯಾಗುತ್ತದೆ. ಮೇಲೆ ಹತ್ತಡಿ ಅಗಲವಿದ್ದ ಕಾಲುವೆ ಒಂದು ಹೊಲದ ಬದುವಿನಲ್ಲಿ ಮುಗಿದು, ಮೂರು ಹೊಲಗಳಾಚೆ ಮತ್ತೆ ಶುರುವಾಗುತ್ತದೆ. ನಡುವೆ ರಾಗಿಯೋ ಟೊಮೆಟೊವೋ ಬೆಳೆದಿರುತ್ತದೆ. ಇಂತಹ ಜಾಗಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸುವುದು; ಸ್ಥಳದಲ್ಲಿ ಯಾರೊಡನೆಯೂ ಜಗಳಕ್ಕೆ ನಿಲ್ಲಬೇಕಾಗಿಲ್ಲ. ಅಂದಿನ ನಡಿಗೆಯ ಉದ್ದೇಶ ದಾಖಲಿಸುವುದು ಮಾತ್ರ ಎಂದು ಮುಂಚಿತವಾಗಿ ಡಂಗುರ ಹೊಡೆಸಿ ತಿಳಿಸಿದ ಗ್ರಾಮಗಳಲ್ಲಿ ಕೆಲಸ ಸಲೀಸು.

ಹಳ್ಳ ಪಂಚಾಯತಿಯ ಗಡಿ ದಾಟುವ ಜಾಗವನ್ನು ಎರಡೂ ಪಂಚಾಯತಿಗಳವರು ಒಟ್ಟಿಗೆ ನೋಡಿ ಒಂದೇ ಸಂಖ್ಯೆಯಿಂದ ಗುರುತಿಸಬೇಕು. ಮೇಲಿನವರು ಕಾಲುವೆ ಅಗಲಿಸಿ ಕೆಳಗಿನವರ ಮೋರಿ ಹಾಗೆಯೇ ಉಳಿದರೆ ತೊಂದರೆ ಕೆಳಗಿನ ಊರಿಗೆ ವರ್ಗವಾಗುತ್ತದೆ, ಅಷ್ಟೆ.

ಮೋರಿಯ ಲೆಕ್ಕ

ಹಳ್ಳ ಕಟ್ಟಿಕೊಳ್ಳುವ ಜಾಗಗಳ ಪಟ್ಟಿ ಮಾಡಿದರೆ ಅದರಲ್ಲಿ ಅಡ್ಡ ಮೋರಿಗಳೇ ಹೆಚ್ಚಾಗಿ ಕಾಣುತ್ತವೆ. ರಸ್ತೆ ಡಾಂಬರಾಗುವಾಗ ಹಳ್ಳಕ್ಕೆ ಒಂದು ಸಿಮೆಂಟ್ ಪೈಪು ಹಾಕಿ ಮೇಲೆ ಮಣ್ಣು ಮುಚ್ಚುವುದು ಸುಲಭದ ದಾರಿ. ಇದರಲ್ಲಿ ಎಷ್ಟು ಹಾದಿ ಕಳೆದುಹೋಗುತ್ತದೆ ಎಂಬುದನ್ನು ಗುಣಿಸಿ ನೋಡಬಹುದು. ಮೂರು ಮೀಟರ್ ಅಗಲ, ಒಂದು ಮೀಟರ್ ಆಳದ ಹಳ್ಳದ ಬಾಯಿ ಮೂರು ಚದರ ಮೀಟರ್. ಅರವತ್ತು ಸೆಂಟಿಮೀಟರ್ ಒಳವ್ಯಾಸದ ಪೈಪಿನ ಬಾಯಿ 0.28 ಚದರ ಮೀಟರ್. ಆ ಹಳ್ಳಕ್ಕೆ ಸಮನಾಗಲು ಇಂತಹ ಪೈಪುಗಳು ಹತ್ತಕ್ಕೂ ಹೆಚ್ಚು ಬೇಕು. ಹಾಕಿರುವುದು ಒಂದು ಅಥವಾ ಎರಡು. ವ್ಯಾಸ ಎರಡರಷ್ಟಾದರೆ ಬಾಯಿ ನಾಲ್ಕರಷ್ಟಾಗುತ್ತದೆ. ಆದ್ದರಿಂದ ಸಣ್ಣ ಪೈಪು ಎರಡು ಹಾಕುವುದಕ್ಕಿಂತ ದೊಡ್ಡದು ಒಂದು ಹಾಕುವುದು, ಅದಕ್ಕಿಂತ ಚೌಕ ಮೋರಿ ಕಟ್ಟುವುದು ಮೇಲು. ಕಸ ಸಿಕ್ಕಿಕೊಳ್ಳುವುದೂ ಕಡಿಮೆ, ಒಳಗೆ ಇಳಿದು ಹೂಳು ತೆಗೆಯಲೂ ಆಗುತ್ತದೆ.

ಬರುವ ನೀರು ಎಷ್ಟು ಎಂಬುದಕ್ಕೂ ಸ್ಥೂಲ ಲೆಕ್ಕವಿದೆ. ಒಂದು ಹೆಕ್ಟೇರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. ಒಂದು ಎಕರೆಯ ಮೇಲೆ 50 ಮಿಲಿಮೀಟರ್ ಬಿದ್ದರೆ ಸುಮಾರು ಎರಡು ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರುಗಳಾದರೆ ನಲವತ್ತು. ಇದರಲ್ಲಿ ಎಷ್ಟು ಪಾಲು ಹರಿದು ಬರುತ್ತದೆ ಎಂಬುದು ನೆಲವನ್ನು ಅವಲಂಬಿಸಿದೆ. ಇಂಜಿನಿಯರುಗಳು ಬಳಸುವ ಸರಳ ಸೂತ್ರದಂತೆ, ಜಲಾನಯನದ ವಿಸ್ತೀರ್ಣವನ್ನು ಹೆಕ್ಟೇರಿನಲ್ಲಿ, ಮಳೆಯ ಬಿರುಸನ್ನು ಗಂಟೆಗೆ ಮಿಲಿಮೀಟರಿನಲ್ಲಿ ತೆಗೆದುಕೊಂಡು, ಹರಿವಿನ ಪಾಲಿನಿಂದ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಬರುತ್ತದೆಂದು ತಿಳಿಯುತ್ತದೆ.

ಉದಾಹರಣೆಗೆ, ಒಂದು ಮೋರಿಯ ಮೇಲ್ಭಾಗದಲ್ಲಿ 40 ಹೆಕ್ಟೇರ್, ಅಂದರೆ ಸುಮಾರು ನೂರು ಎಕರೆ ಹೊಲವಿದೆ. ಗಂಟೆಗೆ 60 ಮಿಲಿಮೀಟರ್ ಬಿರುಸಿನ ಮಳೆ ಬೀಳುತ್ತಿದೆ. ಉತ್ತ ಹೊಲವಾದ್ದರಿಂದ ಹತ್ತರಲ್ಲಿ ಮೂರು ಪಾಲು ಮಾತ್ರ ಹರಿಯುತ್ತದೆ ಎನ್ನೋಣ. ಆಗ ಮೋರಿಗೆ ಬರುವುದು ಸೆಕೆಂಡಿಗೆ ಎರಡು ಘನ ಮೀಟರ್. ಅರವತ್ತು ಸೆಂಟಿಮೀಟರಿನ ಎರಡು ಪೈಪುಗಳಲ್ಲಿ ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ತುಂಬಿ ಹರಿದರೂ ದಾಟುವುದು 1.1 ಘನ ಮೀಟರ್. ಉಳಿದದ್ದು ರಸ್ತೆಯ ಮೇಲೆ ಅಥವಾ ಪಕ್ಕದ ಮನೆಗಳಿಗೆ. ಇನ್ನು ಅದೇ ನೂರು ಎಕರೆ ಬಡಾವಣೆಯಾಗಿ, ಡಾಂಬರು ಹಾಗೂ ತಾರಸಿಗಳಿಂದ ಹತ್ತರಲ್ಲಿ ಏಳು ಪಾಲು ಹರಿಯುವಂತಾದರೆ ಬರುವುದು ಸೆಕೆಂಡಿಗೆ 4.7 ಘನ ಮೀಟರ್. ಅಲ್ಲದೆ ಅದು ಬೇಗ ಬಂದು ಸೇರುತ್ತದೆ. ಮೇಲ್ಭಾಗದಲ್ಲಿ ಬಡಾವಣೆಗೆ ಒಪ್ಪಿಗೆಯಾದ ದಿನವೇ ಕೆಳಗಿನ ಮೋರಿ ಚಿಕ್ಕದಾಗುತ್ತದೆ. ಮೋರಿಯನ್ನು ಯಾರೂ ಮುಟ್ಟಿರುವುದಿಲ್ಲ.

ಇದು ಎಚ್ಚರಿಕೆಯ ಲೆಕ್ಕವೇ ಹೊರತು ವಿನ್ಯಾಸವಲ್ಲ. ಅಂದಾಜು ಪಟ್ಟಿ, ವಿನ್ಯಾಸಗಳನ್ನು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದವರು ಮಾಡಬೇಕು. ಆದರೆ ಮೋರಿಯ ಸಂಖ್ಯೆ, ಪೈಪಿನ ವ್ಯಾಸ, ಹೂಳು ಎಷ್ಟು ತುಂಬಿದೆ, ಮೇಲ್ಭಾಗದಲ್ಲಿ ಎಷ್ಟು ಎಕರೆ ಎಂಬ ನಾಲ್ಕು ವಿವರ ಕೈಯಲ್ಲಿದ್ದರೆ ಯಾವ ಮೋರಿಯನ್ನು ಮೊದಲು ಒಡೆದು ಕಟ್ಟಬೇಕೆಂದು ಸಭೆಯಲ್ಲಿ ತೀರ್ಮಾನಿಸಬಹುದು. ಇಲ್ಲದಿದ್ದರೆ ಹೆಚ್ಚು ಗಟ್ಟಿಯಾಗಿ ಕೇಳಿದ ವಾರ್ಡಿಗೆ ಕಾಮಗಾರಿ ಹೋಗುತ್ತದೆ.

ಊರೊಳಗಿನ ಚರಂಡಿ

ಗ್ರಾಮಠಾಣದ ಚರಂಡಿಗಳ ನಕ್ಷೆ ಬೇರೆ ಹಾಳೆಯಲ್ಲಿ ದೊಡ್ಡದಾಗಿ ಇರಬೇಕು. ಪ್ರತಿ ಚರಂಡಿಯ ಮೇಲೆ ನೀರು ಹರಿಯುವ ದಿಕ್ಕಿಗೆ ಬಾಣದ ಗುರುತು ಹಾಕುತ್ತಾ ಹೋದರೆ ಎರಡು ಬಾಣಗಳು ಎದುರುಬದುರಾಗಿ ನಿಲ್ಲುವ ಜಾಗಗಳು ಸಿಗುತ್ತವೆ. ಬೇರೆ ಬೇರೆ ವರ್ಷ, ಬೇರೆ ಬೇರೆ ಅನುದಾನದಲ್ಲಿ ಕಟ್ಟಿದ ತುಂಡುಗಳು ಸೇರುವಲ್ಲಿ ಹೀಗಾಗುತ್ತದೆ. ಸೊಳ್ಳೆಗಳ ಕಾಟವಿರುವ ಓಣಿಯೂ ಹೆಚ್ಚಾಗಿ ಅದೇ.

ಇಳಿಜಾರು ನೋಡಲು ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಟ್ಯೂಬು ಸಾಕು. ಇನ್ನೂರಕ್ಕೆ ಒಂದು ಇಳಿಜಾರು ಎಂದರೆ ನೂರು ಮೀಟರಿಗೆ ಅರ್ಧ ಮೀಟರ್. ಚರಂಡಿಯ ಕೊನೆ ಹಳ್ಳದ ತಳಕ್ಕಿಂತ ಕೆಳಗಿದ್ದರೆ ಮಳೆಯಲ್ಲಿ ಹಳ್ಳದ ನೀರೇ ಚರಂಡಿಯ ಮೂಲಕ ಊರಿಗೆ ಹಿಂದಿರುಗುತ್ತದೆ. ಕಾಮಗಾರಿಗೆ ಮುಂಚೆಯೇ ಇದನ್ನು ನೋಡಿಕೊಳ್ಳಬೇಕು.

ಬಚ್ಚಲು ನೀರು ಮತ್ತು ಮಳೆನೀರು ಒಂದೇ ಚರಂಡಿಯಲ್ಲಿ ಸೇರಿ ನೇರವಾಗಿ ಕೆರೆಗೆ ಹೋಗುತ್ತಿರುವ ಜಾಗಗಳನ್ನು ಪ್ರತ್ಯೇಕ ಬಣ್ಣದಲ್ಲಿ ಗುರುತಿಸುವುದು ಅಗತ್ಯ. ಮನೆ ಮಟ್ಟದ ಇಂಗುಗುಂಡಿ, ಓಣಿಯ ಕೊನೆಯಲ್ಲಿ ಸಾಮೂಹಿಕ ಇಂಗುಗುಂಡಿ ಎಲ್ಲಿ ಬೇಕೆಂಬುದು ಅದರಿಂದಲೇ ತಿಳಿಯುತ್ತದೆ. ಮನೆಗಳ ನಡುವಿನ ಚರಂಡಿಗೆ ಕಾಂಕ್ರೀಟು ಬೇಕಾಗಬಹುದು. ಊರು ದಾಟಿದ ಮೇಲೆ ಹಳ್ಳದ ತಳಕ್ಕೂ ಕಾಂಕ್ರೀಟು ಸುರಿಯುವುದು ಹಣದ ದುಂದು. ನೀರು ಇಂಗುವುದು ನಿಲ್ಲುತ್ತದೆ, ವೇಗ ಹೆಚ್ಚಿ ಕೆಳಗಿನ ದಂಡೆ ಕೊರೆಯುತ್ತದೆ. ದಂಡೆಗೆ ಗರಿಕೆ, ಲಾವಂಚ ಹಿಡಿದಿದ್ದರೆ ಸಾಕು.

ಒತ್ತುವರಿ, ಹಾದಿ ಬದಲಿಸಿದ ಹಳ್ಳ, ಹೊಸ ನಿವೇಶನ

ನಕ್ಷೆ ಸಿದ್ಧವಾದಾಗ ಕೆಂಪು ಗುರುತುಗಳ ಪಟ್ಟಿಯೂ ಸಿದ್ಧವಾಗುತ್ತದೆ. ಇದನ್ನು ಕಾಲುವೆ ಒತ್ತುವರಿದಾರರ ಪಟ್ಟಿಯೆಂದು ಕರೆದರೆ ತಪ್ಪಾಗುತ್ತದೆ. ಪಂಚಾಯತಿಯ ನಕ್ಷೆಗೆ ಗಡಿ ತೀರ್ಮಾನಿಸುವ ಅಧಿಕಾರವಿಲ್ಲ. ಪಟ್ಟಿಯನ್ನು ಸಭೆಯಲ್ಲಿ ಮಂಡಿಸಿ, ನಿರ್ಣಯದೊಂದಿಗೆ ತಹಶೀಲ್ದಾರರಿಗೆ ಕಳುಹಿಸಿ ಅಳತೆಗೆ ಕೋರಬೇಕು. ಭೂಮಾಪಕರು ಅಳತೆ ಮಾಡಿ, ಸಂಬಂಧಪಟ್ಟವರಿಗೆ ತಿಳಿವಳಿಕೆ ಕೊಟ್ಟು, ಅವರ ಮಾತು ಕೇಳಿದ ನಂತರವೇ ತೆರವಿನ ಮಾತು. ಅಳತೆಯ ದಿನ ಪಂಚಾಯತಿಯವರು ತಮ್ಮ ನಕ್ಷೆ, ಫೋಟೋಗಳೊಂದಿಗೆ ಹಾಜರಿದ್ದು, ಅಳತೆಯಾದ ಮೇಲೆ ಗಡಿಕಲ್ಲು ನೆಡಿಸಿಕೊಳ್ಳಬೇಕು. ಕಲ್ಲು ನೆಡದ ಅಳತೆಯನ್ನು ಮೂರು ವರ್ಷಕ್ಕೆ ಮತ್ತೆ ಮಾಡಿಸಬೇಕಾಗುತ್ತದೆ.

ಎಲ್ಲ ಪ್ರಕರಣವೂ ಒಂದೇ ಬಗೆಯದಲ್ಲ. ಕೆಲವು ಕಡೆ ಹಳ್ಳ ತಾನಾಗಿಯೇ ಹಾದಿ ಬದಲಿಸಿರುತ್ತದೆ. ದಾಖಲೆಯ ಹಳ್ಳದಲ್ಲಿ ಒಬ್ಬರು ಬೆಳೆ ಇಟ್ಟಿರುತ್ತಾರೆ, ಅವರದೇ ಪಟ್ಟಾ ಜಮೀನಿನ ಇನ್ನೊಂದು ಅಂಚನ್ನು ನೀರು ಕೊರೆದುಕೊಂಡು ಹೋಗಿರುತ್ತದೆ. ಇವರನ್ನು ಮಣ್ಣು ತುಂಬಿ ನಿವೇಶನ ಮಾಡಿದವರೊಂದಿಗೆ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ನಕ್ಷೆಯಲ್ಲಿ ದಾಖಲೆಯ ಹಾದಿ, ಈಗಿನ ಹಾದಿ ಎರಡನ್ನೂ ಬೇರೆ ಬೇರೆ ಗೆರೆಯಲ್ಲಿ ತೋರಿಸಿ, ಕಾರಣವನ್ನು ಬರೆದು, ತೀರ್ಮಾನವನ್ನು ಕಂದಾಯ ಇಲಾಖೆಗೆ ಬಿಡಬೇಕು. ಹಳ್ಳದ ದಂಡೆಯಲ್ಲಿ ಬೇರೆ ನೆಲೆಯಿಲ್ಲದೆ ಗುಡಿಸಲು ಹಾಕಿಕೊಂಡ ಕುಟುಂಬಗಳಿದ್ದರೆ ಅವರ ಹೆಸರು ಮೊದಲು ವಸತಿ ಫಲಾನುಭವಿಗಳ ಪಟ್ಟಿಗೆ ಬರಬೇಕು. ಮಳೆಗಾಲದ ರಾತ್ರಿ ನೀರು ಮೊದಲು ನುಗ್ಗುವುದು ಅವರ ಮನೆಗೆ.

ಹೊಸ ನಿವೇಶನಗಳ ವಿಷಯದಲ್ಲಿ ನಕ್ಷೆಯ ಉಪಯೋಗ ನೇರವಾದದ್ದು. ಬಡಾವಣೆಯ ಯಾವುದೇ ಕಡತ ಪಂಚಾಯತಿಗೆ ಬಂದಾಗ, ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11 ನೀಡುವ ಮೊದಲು, ಆ ಸರ್ವೆ ನಂಬರಿನಲ್ಲಿ ಅಥವಾ ಅದಕ್ಕೆ ತಾಗಿಕೊಂಡು ಹಳ್ಳವಿದೆಯೇ ಎಂದು ನೋಡಿ ಕಡತದಲ್ಲಿ ಒಂದು ಸಾಲು ಬರೆಯಬೇಕು. ಕಾಲುವೆಯಿಂದ ಎಷ್ಟು ದೂರ ಬಿಡಬೇಕೆಂಬುದು ಆಯಾ ಪ್ರದೇಶದ ಯೋಜನಾ ಪ್ರಾಧಿಕಾರದ ಮಹಾಯೋಜನೆಯಂತೆ ಬೇರೆ ಬೇರೆ. ಬೆಂಗಳೂರಿಗೆ 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಹೆಚ್ಚಿಸಿದ್ದ ಅಂತರವನ್ನು 2019ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿತು. ಆದ್ದರಿಂದ ಪತ್ರಿಕೆಯಲ್ಲಿ ಓದಿದ ಅಂತರವನ್ನು ನಿರ್ಣಯದಲ್ಲಿ ಬರೆಯದೆ, ಪ್ರಾಧಿಕಾರದಿಂದ ಲಿಖಿತವಾಗಿ ಪಡೆದದ್ದನ್ನೇ ನಮೂದಿಸುವುದು ಸರಿ. ಕಾಲುವೆಯ ಜಾಗವನ್ನು ಬಡಾವಣೆಯ ಉದ್ಯಾನವನದ ಲೆಕ್ಕಕ್ಕೆ ತೋರಿಸಿರುವ ನಕ್ಷೆಗಳೂ ಬರಬಹುದು. ಅವುಗಳ ಮೇಲೆ ಕಣ್ಣಿರಲಿ.

ನಕ್ಷೆಯ ಇರಿಸುವಿಕೆ

ಪೂರ್ಣವಾದ ನಕ್ಷೆಯನ್ನು ಗ್ರಾಮ ಸಭೆಯಲ್ಲಿ ಓದಿ ಹೇಳಿ, ಆಕ್ಷೇಪಣೆಗಳನ್ನು ಬರೆದುಕೊಂಡು, ತಿದ್ದಿದ ನಂತರ ಅಂಗೀಕರಿಸಬೇಕು. ಒಂದು ಪ್ರತಿ ಪಂಚಾಯತಿ ಕಚೇರಿಯ ಗೋಡೆಯ ಮೇಲೆ, ಒಂದು ಕಡತದಲ್ಲಿ, ಒಂದು ತಾಲ್ಲೂಕು ಪಂಚಾಯತಿಯಲ್ಲಿ ಇರಬೇಕು. ಗೋಡೆಯ ಮೇಲಿನ ಪ್ರತಿಯನ್ನು ಕಚೇರಿಗೆ ಬಂದವರೆಲ್ಲ ನೋಡುವುದರಿಂದ ಕಡತದ ಪ್ರತಿಗಿಂತ ಅದರ ಬಲ ಹೆಚ್ಚು. ನಿವೇಶನ ಕೊಳ್ಳಲು ಹೊರಟವರು ಅಲ್ಲಿಯೇ ನಿಂತು ತಮ್ಮ ಸರ್ವೆ ನಂಬರು ಹುಡುಕಿಕೊಳ್ಳಬಹುದು.

ಪ್ರತಿ ವರ್ಷ ಮುಂಗಾರಿಗೆ ಮುನ್ನ, ಮೇ ತಿಂಗಳೊಳಗೆ, ಮೋರಿಗಳ ಪಟ್ಟಿ ಹಿಡಿದು ಹೂಳು ತೆಗೆಸುವುದು. ಮಳೆಗಾಲದಲ್ಲಿ ನೀರು ನುಗ್ಗಿದ ಪ್ರತಿ ಮನೆಯನ್ನೂ ದಿನಾಂಕ ಸಹಿತ ಅದೇ ನಕ್ಷೆಯಲ್ಲಿ ಗುರುತಿಸುವುದು. ನವೆಂಬರ್‌ನಲ್ಲಿ ಆ ಗುರುತುಗಳನ್ನು ಮುಂದಿಟ್ಟುಕೊಂಡು ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಕಾಮಗಾರಿ ಆರಿಸುವುದು. ಸದಸ್ಯರ ಅವಧಿ ಐದು ವರ್ಷ, ಅಭಿವೃದ್ಧಿ ಅಧಿಕಾರಿಗಳ ವರ್ಗಾವಣೆ ಅದಕ್ಕೂ ಮುಂಚೆ. ಹೊಸಬರು ಅಧಿಕಾರ ವಹಿಸಿಕೊಳ್ಳುವಾಗ ಹಸ್ತಾಂತರದ ಪಟ್ಟಿಯಲ್ಲಿ ನಗದು ಪುಸ್ತಕ, ನಡವಳಿ ಪುಸ್ತಕಗಳ ಜೊತೆಗೆ ಈ ನಕ್ಷೆ ಮತ್ತು ಅದರ ಪುಸ್ತಕವನ್ನೂ ಸೇರಿಸಿ ಸಹಿ ಪಡೆಯತಕ್ಕದ್ದು.